ಮೈಮೇಲಿನ ಸಂಖ್ಯೆ ಹೇಳುವುದೇನು, ಯಾರಿಗೆ?

ಕಾರಿನ ಡಿಕ್ಕಿಯಲ್ಲಿ ವರ್ಷಗಟ್ಟಲೆ ಮಲಗಿರುವ ಸ್ಟೆಪ್ನಿಯನ್ನು ಒಮ್ಮೆ ಹೊರಗೆ ತೆಗೆದು ನೋಡಿ. ರಸ್ತೆಗೇ ಇಳಿಯದ ಟೈರು. ಗ್ರಿಪ್ ಸವೆದಿಲ್ಲ, ಕಪ್ಪು ಮಾಸಿಲ್ಲ, ನೋಡಿದವರು ಹೊಸದೆಂದೇ ಹೇಳುತ್ತಾರೆ. ಅದರ ಪಕ್ಕೆಯ ಮೇಲೆ ‘ಡಿಒಟಿ’ ಎಂದು ಶುರುವಾಗುವ ಉಬ್ಬಕ್ಷರಗಳ ಸಾಲೊಂದಿರುತ್ತದೆ. ಆ ಸಾಲಿನ ತುದಿಯ ನಾಲ್ಕು ಅಂಕಿಗಳನ್ನು ಓದಿ. 2314 ಎಂದಿದ್ದರೆ ಅದು 2014ನೇ ಇಸವಿಯ 23ನೇ ವಾರದಲ್ಲಿ ಅಚ್ಚಿನಿಂದ ಹೊರಬಂದ ಟೈರು. ರಬ್ಬರು ಓಡದಿದ್ದರೂ ಮುಪ್ಪಾಗುತ್ತದೆ. ಬಿಸಿಲು, ಸೆಕೆ, ಗಾಳಿಯಲ್ಲಿನ ಆಮ್ಲಜನಕ ಎಲ್ಲ ಸೇರಿ ಒಳಗಿನ ಪದರಗಳ ಹಿಡಿತವನ್ನು ಸಡಿಲಿಸುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಸವೆತ ಎಷ್ಟೇ ಕಡಿಮೆಯಿರಲಿ, ಆರು ವರ್ಷಕ್ಕೆ ಬದಲಿಸಿ ಎನ್ನುವ ವಾಹನ ತಯಾರಕರಿದ್ದಾರೆ. ಹತ್ತು ವರ್ಷ ದಾಟಿದ್ದನ್ನು ಬಳಸಲೇಬೇಡಿ ಎನ್ನುವ ಟೈರು ಕಂಪನಿಗಳಿವೆ.

ಪ್ರಾಣಕ್ಕೆ ಸಂಬಂಧಿಸಿದ ಸಂಗತಿ ಟೈರಿನ ಮೇಲೇ ಬರೆದಿದೆ. ಬರೆದ ರೀತಿ ಮಾತ್ರ ಅದರ ಮೇಲೆ ಪ್ರಯಾಣ ಮಾಡುವವರಿಗೆ ಅರ್ಥವಾಗುವಂಥದ್ದಲ್ಲ. ‘ಜೂನ್ 2014’ ಎಂದು ಅಚ್ಚೊತ್ತಲು ಟೈರಿನ ಪಕ್ಕೆಯಲ್ಲಿ ಜಾಗಕ್ಕೇನೂ ಬರವಿರಲಿಲ್ಲ. ಇಂಥ ಸಂಖ್ಯೆಗಳನ್ನು ತಯಾರಕರು ತಮಗೆ ತಾವೇ ಬರೆದುಕೊಂಡ ಚೀಟಿ ಎಂದು ತಿಳಿಯಬೇಕು. ವಸ್ತು ನಮ್ಮ ಮನೆಯಲ್ಲಿದೆ, ಚೀಟಿಯೂ ನಮ್ಮ ಕಣ್ಣೆದುರಿಗಿದೆ, ಅದನ್ನು ಬಿಡಿಸುವ ಕೀಲಿ ಮಾತ್ರ ಬೇರೆಯವರ ಕೈಯಲ್ಲಿದೆ. ಔಷಧದಿಂದ ಬ್ಯಾಟರಿಯವರೆಗೆ ಪ್ರತಿ ವಸ್ತುವಿಗೂ ಒಂದೊಂದು ಸಂಖ್ಯೆ ಕೊಡುವ ಕಾನೂನುಗಳು ಒಂದರ ಹಿಂದೊಂದು ಜಾರಿಗೆ ಬರುತ್ತಿರುವ ಈ ಹೊತ್ತಿನಲ್ಲಿ ಆ ಕೀಲಿ ಯಾರ ಬಳಿ ಇರಬೇಕು ಎಂದು ಕೇಳಲೇಬೇಕು.

ಟೈರಿನ ಸಂಖ್ಯೆಗೆ ಅದರದೇ ಒಂದು ಚರಿತ್ರೆಯಿದೆ. 2000ಕ್ಕೆ ಮುಂಚೆ ತಯಾರಿಕೆಯ ಕಾಲ ಹೇಳಲು ಮೂರೇ ಅಂಕಿ ಇರುತ್ತಿದ್ದವು: ಎರಡು ವಾರಕ್ಕೆ, ಒಂದು ವರ್ಷಕ್ಕೆ. 238 ಎಂದರೆ ಎಂಟರಲ್ಲಿ ಕೊನೆಯಾಗುವ ಯಾವುದೋ ಇಸವಿಯ 23ನೇ ವಾರ. ಅದು 1988ಓ 1998ಓ ಎಂದು ಸಂಖ್ಯೆ ಹೇಳುತ್ತಿರಲಿಲ್ಲ. ಕೆಲವು ಕಂಪನಿಗಳು ತೊಂಬತ್ತರ ದಶಕದ್ದೆಂದು ತೋರಿಸಲು ಪಕ್ಕದಲ್ಲಿ ಪುಟ್ಟ ತ್ರಿಕೋನ ಹಾಕುತ್ತಿದ್ದವು. ತಮ್ಮ ಟೈರು ಹತ್ತು ವರ್ಷ ಯಾರ ಬಳಿಯೂ ಉಳಿಯುವುದಿಲ್ಲ ಎಂದು ಎಣಿಸಿದವರು ರೂಪಿಸಿದ ಪದ್ಧತಿ ಅದು. ಇದೇ ತಪ್ಪು ಬೇರೆಡೆ ಇಂದಿಗೂ ನಡೆದಿದೆ. ಡಬ್ಬಿಯಲ್ಲಿ ಬರುವ ಎಷ್ಟೋ ಸಾಮಾನಿನ ಮೇಲೆ ವರ್ಷದ ಕೊನೆಯ ಅಂಕಿ, ಅದರ ಮುಂದೆ ವರ್ಷದ ಎಷ್ಟನೇ ದಿನ ಎಂಬ ಮೂರಂಕಿ ಇರುತ್ತದೆ. 5136 ಎಂದರೆ 136ನೇ ದಿನ, ಅಂದರೆ 2025ರ ಮೇ 16. ಅದೇ ಗುರುತು 2015ಕ್ಕೂ ಸಲ್ಲುತ್ತದೆ.

ಟೈರಿನ ಆ ಸಾಲಿನಲ್ಲಿ ದಿನಾಂಕದಷ್ಟೇ ಮುಖ್ಯವಾದ ಇನ್ನೊಂದು ಗುರುತಿದೆ. ‘ಡಿಒಟಿ’ ಆದ ಮೇಲೆ ಬರುವ ಮೊದಲ ಅಕ್ಷರಗಳು ಕಾರ್ಖಾನೆಯನ್ನು ಸೂಚಿಸುತ್ತವೆ. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಅಮೆರಿಕದಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಓಡುವಾಗಲೇ ಮೇಲಿನ ಪಟ್ಟಿ ಕಿತ್ತು ಬಂದು ಎಸ್‌ಯುವಿಗಳು ಮಗುಚುತ್ತಿದ್ದವು. ಹಿಂಪಡೆದ ‘ವೈಲ್ಡರ್‌ನೆಸ್ ಎಟಿ’ ಟೈರುಗಳೆಲ್ಲ ಇಲಿನಾಯ್ ರಾಜ್ಯದ ಡೆಕಟೂರ್ ಕಾರ್ಖಾನೆಯವು. ಅದೇ ಹೆಸರಿನ, ಅದೇ ಅಳತೆಯ, ಬೇರೆ ಕಾರ್ಖಾನೆಯ ಟೈರು ಆ ಪಟ್ಟಿಯಲ್ಲಿರಲಿಲ್ಲ. ಟೈರಿನ ಹೆಸರಿನಿಂದಾಗಲಿ ನೋಟದಿಂದಾಗಲಿ ಅಪಾಯ ಯಾವುದರಲ್ಲಿದೆ ಎಂದು ಗೊತ್ತಾಗುವಂತಿರಲಿಲ್ಲ. ಗೊತ್ತಾಗುತ್ತಿದ್ದುದು ಕಾರ್ಖಾನೆಯ ಗುರುತಾದ ಆ ಎರಡು ಅಕ್ಷರಗಳಿಂದ. ಅವನ್ನು ನೋಡಲು ಎಷ್ಟೋ ಮಂದಿ ಕಾರಿನಡಿ ತೂರಬೇಕಾಗಿತ್ತು, ಏಕೆಂದರೆ ಪೂರ್ತಿ ಸಂಖ್ಯೆ ಟೈರಿನ ಒಂದೇ ಪಕ್ಕೆಯಲ್ಲಿರುತ್ತದೆ ಮತ್ತು ಅದು ಹಲವೊಮ್ಮೆ ಒಳಮುಖವಾಗಿರುತ್ತದೆ.

ಇಲ್ಲಿ ಎರಡು ಪದಗಳ ವ್ಯತ್ಯಾಸ ತಿಳಿದಿರಬೇಕು. ಬ್ಯಾಚ್ ಅಥವಾ ಲಾಟ್ ಸಂಖ್ಯೆ ಒಂದು ಗುಂಪಿನದು. ಒಂದೇ ಸಾಮಗ್ರಿ, ಒಂದೇ ಯಂತ್ರ, ಒಂದೇ ಪಾಳಿಯಲ್ಲಿ ತಯಾರಾದದ್ದಕ್ಕೆಲ್ಲ ಒಂದೇ ಸಂಖ್ಯೆ. ಸೀರಿಯಲ್ ನಂಬರ್ ಒಂಟಿ ವಸ್ತುವಿನದು, ಅದನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ಸಂಖ್ಯೆ ಎಷ್ಟು ಸೂಕ್ಷ್ಮವೋ ತಪ್ಪಾದಾಗ ಹಿಂಪಡೆಯಬೇಕಾದದ್ದು ಅಷ್ಟು ಕಡಿಮೆ. ಕಾರ್ಖಾನೆ ಮಂಗಳವಾರ ರಾತ್ರಿ ಪಾಳಿಯನ್ನು ಬೇರೆಯಾಗಿ ಗುರುತಿಸಿದ್ದರೆ ಆ ಪಾಳಿಯ ಮಾಲನ್ನಷ್ಟೇ ಕರೆಸಿದರೆ ಸಾಕು. ಗುರುತಿಸದಿದ್ದರೆ ಇಡೀ ತಿಂಗಳಿನದನ್ನು ಕರೆಸಬೇಕು. ಕಂಪನಿಗಳು ಸಂಖ್ಯೆಗೆ ಹಣ ಸುರಿಯುವುದು ಮುಖ್ಯವಾಗಿ ಈ ಲೆಕ್ಕದಿಂದ. ವಾರಂಟಿ ಲೆಕ್ಕ, ಕಳವು ಪತ್ತೆ, ಗೋದಾಮಿನ ಎಣಿಕೆ ಎಲ್ಲ ಅದರ ಬೆನ್ನಿಗೆ ಬರುವ ಲಾಭಗಳು.

ಅಚ್ಚಿನಲ್ಲಿ ತೆಗೆದ ಪ್ಲಾಸ್ಟಿಕ್ ಸಾಮಾನಿನ ತಳವನ್ನು ತಿರುಗಿಸಿ ನೋಡಿದರೆ ಹಲವು ಬಾರಿ ಒಂದು ಪುಟ್ಟ ಗಡಿಯಾರದಂಥ ಗುರುತು ಸಿಗುತ್ತದೆ: ಸುತ್ತಲೂ 1ರಿಂದ 12ರವರೆಗಿನ ಅಂಕಿ, ನಡುವೆ ಬಾಣ, ಬಾಣದ ಎರಡು ಬದಿಗೆ ಇಸವಿಯ ಕೊನೆಯ ಎರಡು ಅಂಕಿ. ಬಾಣ ತೋರಿಸುವುದು ತಯಾರಾದ ತಿಂಗಳನ್ನು. ತಿಂಗಳು ಬದಲಾದಾಗ ಕೆಲಸಗಾರರು ಅಚ್ಚಿನೊಳಗಿನ ಆ ಬಾಣವನ್ನು ಸ್ಕ್ರೂಡ್ರೈವರಿನಿಂದ ತಿರುಗಿಸುತ್ತಾರೆ. ಪಕ್ಕದಲ್ಲಿ ಒಂಟಿ ಅಂಕಿಯೊಂದಿದ್ದರೆ ಅದು ಅಚ್ಚಿನ ಎಷ್ಟನೇ ಗುಳಿಯಿಂದ ಬಂತು ಎಂಬುದರ ಗುರುತು. ಎಂಟು ಗುಳಿಯ ಅಚ್ಚಿನಲ್ಲಿ ಮುಚ್ಚಳಗಳು ಬಿರುಕು ಬಿಡುತ್ತಿದ್ದು, ಬಿರುಕಿನವೆಲ್ಲ 5ನೇ ಗುಳಿಯವೇ ಆಗಿದ್ದರೆ ದೋಷ ಪ್ಲಾಸ್ಟಿಕ್ಕಿನದಲ್ಲ, ಆ ಒಂದು ಗುಳಿಯದು. ಒಂದು ಅಂಕಿ ವಾರಗಟ್ಟಲೆ ಹುಡುಕಾಟವನ್ನು ತಪ್ಪಿಸುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡುವ ಉಪಾಯ ಕಾರ್ಖಾನೆಗಳಲ್ಲಿ ಇನ್ನೊಂದಿರಲಾರದು ಎಂದೇ ನನ್ನ ನಂಬಿಕೆ.

ಸಂಖ್ಯೆ ತಪ್ಪು ಎಲ್ಲಿಲ್ಲ ಎಂಬುದನ್ನೂ ಹೇಳುತ್ತದೆ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೊ ಸುತ್ತಮುತ್ತ ಟೈಲೆನಾಲ್ ಎಂಬ ನೋವಿನ ಮಾತ್ರೆಯ ಕ್ಯಾಪ್ಸೂಲ್ ನುಂಗಿದ ಏಳು ಮಂದಿ ಸತ್ತರು. ಕ್ಯಾಪ್ಸೂಲ್‌ಗಳಲ್ಲಿ ಸಯನೈಡ್ ಇತ್ತು. ಮೊದಲು ಸಿಕ್ಕ ಬಾಟಲಿಗಳ ಮೇಲೆ ಎಂಸಿ2880 ಎಂಬ ಲಾಟ್ ಸಂಖ್ಯೆಯಿದ್ದುದರಿಂದ ಕಂಪನಿ ಆ ಲಾಟನ್ನು ಹಿಂಪಡೆಯಲು ಹೊರಟಿತು. ಅಷ್ಟರಲ್ಲಿ ಬೇರೆ ಲಾಟಿನ ಬಾಟಲಿಯಲ್ಲೂ ವಿಷ ಸಿಕ್ಕಿತು. ಅದು ತಯಾರಾಗಿದ್ದು ಬೇರೊಂದು ರಾಜ್ಯದ ಬೇರೊಂದು ಕಾರ್ಖಾನೆಯಲ್ಲಿ. ನೂರಾರು ಮೈಲಿ ದೂರದ ಎರಡು ಕಾರ್ಖಾನೆಗಳಲ್ಲಿ ಒಂದೇ ವಿಷ ಬೆರೆತು, ಸತ್ತವರು ಮಾತ್ರ ಒಂದೇ ಊರಿನ ಸುತ್ತಲಿನವರಾಗುವುದು ಸಾಧ್ಯವಿಲ್ಲ. ವಿಷ ಸೇರಿದ್ದು ಕಾರ್ಖಾನೆ ದಾಟಿದ ಮೇಲೆ, ಅಂಗಡಿಯ ಕಪಾಟಿನಲ್ಲಿ, ಎಂಬ ನಿರ್ಣಯಕ್ಕೆ ತನಿಖೆ ಬಂದುದರ ಹಿಂದೆ ಈ ತರ್ಕವಿತ್ತು. ಜಾನ್ಸನ್ ಅಂಡ್ ಜಾನ್ಸನ್ ಕೊನೆಗೆ ದೇಶದಾದ್ಯಂತ 3.1 ಕೋಟಿ ಬಾಟಲಿಗಳನ್ನು ವಾಪಸು ತರಿಸಿತು. ಇಂದು ಔಷಧದ ಬಾಟಲಿಯ ಬಾಯಿಗೆ ಅಂಟಿಸಿರುವ ಸೀಲು ಅಲ್ಲಿಂದ ಬಂದದ್ದು.

ಸಂಖ್ಯೆಯನ್ನು ಚೆನ್ನಾಗಿ ಕಟ್ಟುವುದು ಹೇಗೆ ಎಂದು ತಿಳಿಯಬೇಕಾದರೆ ವಾಹನದ ಗುರುತಿನ ಸಂಖ್ಯೆಯನ್ನು, ಜನ ಚಾಸಿ ನಂಬರ್ ಎನ್ನುವುದನ್ನು, ನೋಡಬೇಕು. ಅಮೆರಿಕ 1981ರಲ್ಲಿ ಗೊತ್ತುಮಾಡಿದ 17 ಸ್ಥಾನಗಳ ರೂಪ ಇಂದು ಜಗತ್ತಿನ ಬಹುಭಾಗದಲ್ಲಿ ನಡೆಯುತ್ತದೆ. ಮೊದಲ ಮೂರು ಸ್ಥಾನ ದೇಶ ಮತ್ತು ತಯಾರಕರಿಗೆ. ಐ, ಓ, ಕ್ಯೂ ಅಕ್ಷರಗಳು ಎಲ್ಲೂ ಬರುವುದಿಲ್ಲ, ಏಕೆಂದರೆ ಮಸಿ ಮೆತ್ತಿದ ಲೋಹದ ಮೇಲೆ ಅವನ್ನು ಒಂದು, ಸೊನ್ನೆ ಎಂದು ಓದಿಬಿಡುವ ಅಪಾಯವಿದೆ. ಉತ್ತರ ಅಮೆರಿಕದ ಪದ್ಧತಿಯಲ್ಲಿ ಹತ್ತನೆಯ ಸ್ಥಾನ ಮಾದರಿ ವರ್ಷದ್ದು: ಎ ಎಂದರೆ 2010, ಆರ್ ಎಂದರೆ 2024, ಎಸ್ ಎಂದರೆ 2025. ಬಳಸಬಲ್ಲ 21 ಅಕ್ಷರ, ಒಂಬತ್ತು ಅಂಕಿ ಸೇರಿ 30 ವರ್ಷಕ್ಕೊಮ್ಮೆ ಈ ಚಕ್ರ ತಿರುಗುತ್ತದೆ. ಟೈರಿನವರು ಹತ್ತು ವರ್ಷ ಮುಂದೆ ನೋಡಲಿಲ್ಲ, ಇವರು ಮೂವತ್ತು ವರ್ಷ ಮುಂದೆ ನೋಡಿದರು.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅದೇ ಪದ್ಧತಿಯ ಒಂಬತ್ತನೆಯ ಸ್ಥಾನ. ಅದು ವಾಹನದ ಬಗ್ಗೆ ಏನನ್ನೂ ಹೇಳುವುದಿಲ್ಲ, ಉಳಿದ ಹದಿನಾರನ್ನು ಕಾಯುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಬೆಲೆ, ಪ್ರತಿ ಸ್ಥಾನಕ್ಕೂ ಒಂದು ತೂಕ. ಎರಡನ್ನೂ ಗುಣಿಸಿ, ಎಲ್ಲ ಕೂಡಿಸಿ, 11ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ ಸ್ಥಾನದಲ್ಲಿ ಕೂರುತ್ತದೆ. ಶೇಷ ಹತ್ತಾದರೆ ಎಕ್ಸ್ ಎಂದು ಬರೆಯುತ್ತಾರೆ. ಗುಮಾಸ್ತರೊಬ್ಬರು ದಣಿದು ಒಂದು ಅಂಕಿಯನ್ನು ತಪ್ಪಾಗಿ ಬರೆದರೆ ಲೆಕ್ಕ ಕೂಡುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಮೊಬೈಲಿನ 15 ಅಂಕಿಯ ಐಎಂಇಐ ಸಂಖ್ಯೆಯ ಕೊನೆಯ ಅಂಕಿಯೂ ಇದೇ ಕಾವಲಿನ ಕೆಲಸ ಮಾಡುತ್ತದೆ. ಅದರ ಲೆಕ್ಕವನ್ನು ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ ರೂಪಿಸಿದರು. ಮನುಷ್ಯರು ತಪ್ಪು ಮಾಡುತ್ತಾರೆಂದು ಮೊದಲೇ ಒಪ್ಪಿಕೊಂಡು ಕಟ್ಟಿದ ಸಂಖ್ಯೆಗಳಿವು.

ಕಾವಲು ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಒಂದು ದುರಂತದ ಉದಾಹರಣೆಯಿದೆ. 1989ರ ಜುಲೈ 19ರಂದು ಯುನೈಟೆಡ್ ಏರ್‌ಲೈನ್ಸ್‌ನ 232ನೇ ವಿಮಾನದ ಬಾಲದ ಎಂಜಿನ್ನಿನೊಳಗಿನ ಫ್ಯಾನ್ ಡಿಸ್ಕ್, ಅಂದರೆ ಫ್ಯಾನಿನ ಅಲಗುಗಳನ್ನು ಹಿಡಿದಿಡುವ ಲೋಹದ ಬಿಲ್ಲೆ, ಆಕಾಶದಲ್ಲೇ ಒಡೆಯಿತು. ಚೂರುಗಳು ವಿಮಾನವನ್ನು ನಿಯಂತ್ರಿಸುವ ಮೂರೂ ಹೈಡ್ರಾಲಿಕ್ ಕೊಳವೆ ವ್ಯವಸ್ಥೆಗಳನ್ನು ಹರಿದವು. ಅಯೋವಾದ ಸೂ ಸಿಟಿಯಲ್ಲಿ ಇಳಿಯಲು ಹೆಣಗಿದ ವಿಮಾನದಲ್ಲಿದ್ದ 296 ಜನರಲ್ಲಿ 112 ಮಂದಿ ತೀರಿಕೊಂಡರು, 184 ಮಂದಿ ಬದುಕಿದರು. ಡಿಸ್ಕಿನ ಮುಖ್ಯ ತುಂಡು ಸಿಕ್ಕಿದ್ದು ಸುಮಾರು ಮೂರು ತಿಂಗಳ ನಂತರ, ಜೋಳದ ಹೊಲದಲ್ಲಿ. ದೋಷ 1971ರಲ್ಲಿ ಟೈಟಾನಿಯಂ ಕರಗಿಸುವಾಗಲೇ ಸೇರಿಕೊಂಡಿತ್ತು. ಅಲ್ಲಿಂದ ಬೆಳೆದ ಬಿರುಕು ಹದಿನೆಂಟು ವರ್ಷದ ಮೇಲೆ ಡಿಸ್ಕನ್ನು ಸೀಳಿತು.

ಕರಗಿದ ಲೋಹದ ಪ್ರತಿ ಎರಕಕ್ಕೂ ಒಂದು ಸಂಖ್ಯೆಯಿರುತ್ತದೆ, ಅದರಿಂದ ಮಾಡಿದ ಪ್ರತಿ ಡಿಸ್ಕಿಗೂ ಕ್ರಮಸಂಖ್ಯೆಯಿರುತ್ತದೆ. ಅದೇ ಎರಕದಿಂದ ಹುಟ್ಟಿದ ಬೇರೆ ಡಿಸ್ಕುಗಳು ಎಲ್ಲೆಲ್ಲಿ ಹಾರುತ್ತಿವೆಯೆಂದು ಹುಡುಕಿ ಕೆಳಗಿಳಿಸಿ ಪರೀಕ್ಷಿಸಲು ಸಾಧ್ಯವಾದದ್ದು ಇದರಿಂದಲೇ. ಆದರೆ ತನಿಖೆಗಾರರು ತಯಾರಿಕೆಯ ಕಡತ ತೆರೆದಾಗ ಒಡೆದ ಡಿಸ್ಕಿನ ಕ್ರಮಸಂಖ್ಯೆಯೇ ಇನ್ನೊಂದು ಡಿಸ್ಕಿನ ಹೆಸರಿನಲ್ಲೂ ಇತ್ತು. ಒಂದೇ ಸಂಖ್ಯೆಯ ಎರಡು ಡಿಸ್ಕುಗಳು. ಒಂದರಲ್ಲಿ ಶಬ್ದತರಂಗದ ಪರೀಕ್ಷೆ ದೋಷ ತೋರಿಸಿದ್ದರಿಂದ ಅದನ್ನು ತಿರಸ್ಕರಿಸಿದ್ದಾಗಿ ದಾಖಲೆಯಿತ್ತು. ಯಾವುದು ಯಾವ ಲೋಹದಿಂದ ಬಂತು ಎಂಬುದನ್ನು ಕಡತಗಳು ಖಚಿತವಾಗಿ ಹೇಳಲಾರದೆ ಹೋದವು. ಲೋಹದ ಮೇಲೆ ಕೆತ್ತಿದ ಸಂಖ್ಯೆ ಕಡತದ ಕಡೆಗೆ ಕೈ ತೋರಿಸುತ್ತದೆ, ಅಷ್ಟೆ. ಕಡತ ಸುಳ್ಳಾದರೆ ಕೆತ್ತನೆ ಎಷ್ಟು ಆಳವಿದ್ದರೂ ಉಪಯೋಗಕ್ಕಿಲ್ಲ.

ಕಡತ ಸರಿಯಿದ್ದಾಗಲೂ ಸಂಖ್ಯೆ ರೋಗವನ್ನು ಪತ್ತೆ ಮಾಡುವುದಿಲ್ಲ. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳು ಹೊತ್ತಿಕೊಳ್ಳತೊಡಗಿದಾಗ ಬ್ಯಾಟರಿ ಪೂರೈಸಿದ ಇಬ್ಬರಲ್ಲಿ ಒಬ್ಬರ ಮಾಲಿನಲ್ಲಿ ದೋಷವಿದೆಯೆಂದು ಕಂಪನಿ ತೀರ್ಮಾನಿಸಿತು. ಸೆಪ್ಟೆಂಬರ್ ಆರಂಭದಲ್ಲಿ 25 ಲಕ್ಷ ಫೋನುಗಳ ಹಿಂಪಡೆತ ಘೋಷಣೆಯಾಯಿತು. ಐಎಂಇಐ ಸಂಖ್ಯೆ ಹಾಕಿ ತಮ್ಮ ಫೋನು ಆ ಗುಂಪಿನದೇ ಎಂದು ಜನ ನೋಡಿಕೊಂಡರು. ಬದಲಿ ಫೋನಿಗೆ ಹಸಿರು ಬ್ಯಾಟರಿಯ ಗುರುತು ಬಂತು. ಬದಲಿ ಫೋನುಗಳೂ ಹೊತ್ತಿಕೊಂಡವು. ಇನ್ನೊಬ್ಬ ಪೂರೈಕೆದಾರರ ಬ್ಯಾಟರಿಯಲ್ಲಿ ಬೇರೆಯದೇ ದೋಷವಿತ್ತು. ಅಕ್ಟೋಬರ್‌ನಲ್ಲಿ ಆ ಮಾದರಿಯೇ ನಿಂತುಹೋಯಿತು. ಗುಂಪನ್ನು ಬೇರ್ಪಡಿಸುವ ಕೆಲಸ ಸಂಖ್ಯೆಯಿಂದ ಸರಿಯಾಗಿಯೇ ನಡೆದಿತ್ತು. ಯಾವ ಗುಂಪು ಸುರಕ್ಷಿತ ಎಂಬ ಊಹೆ ತಪ್ಪಾಗಿತ್ತು.

ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳದ್ದು ಇನ್ನೂ ದೊಡ್ಡ ಕಥೆ. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳನ್ನು ಹಿಂಪಡೆಯಬೇಕಾಯಿತು. ಚೀಲವನ್ನು ಉಬ್ಬಿಸಲು ಒಳಗಿಟ್ಟ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿ ಕೆಡುತ್ತಿತ್ತು, ಡಿಕ್ಕಿಯಾದಾಗ ಲೋಹದ ಡಬ್ಬಿಯೇ ಸಿಡಿದು ಕಾರಿನಲ್ಲಿದ್ದವರಿಗೆ ಚುಚ್ಚುತ್ತಿತ್ತು. ಬಿಡಿಭಾಗ ಸಾಕಾಗದಿದ್ದಾಗ ಯಾರಿಗೆ ಮೊದಲು ಬದಲಿಸಬೇಕು ಎಂಬುದನ್ನು ಅದರ ವಯಸ್ಸು ಮತ್ತು ವಾಹನವಿರುವ ಊರಿನ ಹವೆ ನೋಡಿ ನಿರ್ಧರಿಸಿದರು. ತಯಾರಿಕಾ ದಿನಾಂಕ ಇಲ್ಲಿ ನೇರವಾಗಿ ಸಾವು ಬದುಕಿನ ಸರದಿಯಾಯಿತು.

ಇಷ್ಟು ಮುಖ್ಯವಾದದ್ದನ್ನು ತಯಾರಕರು ಎಲ್ಲರಿಗೂ ಓದಲು ಬರುವಂತೆ ಯಾಕೆ ಬರೆಯುವುದಿಲ್ಲ? ಅಂಗಡಿಯಲ್ಲಿ ಉಳಿದ ಹಳೆಯ ಮಾಲನ್ನು ಯಾರೂ ಕೊಳ್ಳುವುದಿಲ್ಲ ಎಂಬ ಭಯ ಒಂದು ಕಾರಣ. ಇನ್ನೊಂದು, ಸಾಲಾಗಿ ಕೊಟ್ಟ ಸಂಖ್ಯೆ ಒಳಗುಟ್ಟನ್ನೆಲ್ಲ ಬಯಲು ಮಾಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಸುಮಾರು 1,400 ಟ್ಯಾಂಕ್ ತಯಾರಿಸುತ್ತಿದೆಯೆಂದು ಮಿತ್ರರಾಷ್ಟ್ರಗಳ ಗುಪ್ತಚರರು ಅಂದಾಜು ಮಾಡಿದ್ದರು. ಸಂಖ್ಯಾಶಾಸ್ತ್ರಜ್ಞರು ಸೆರೆಸಿಕ್ಕ ಟ್ಯಾಂಕುಗಳ ಬಿಡಿಭಾಗಗಳ ಕ್ರಮಸಂಖ್ಯೆ ಬರೆದುಕೊಂಡು ಲೆಕ್ಕ ಹಾಕಿ 246 ಎಂದರು. ಯುದ್ಧ ಮುಗಿದ ಮೇಲೆ ಸಿಕ್ಕ ಜರ್ಮನ್ ದಾಖಲೆಯಲ್ಲಿದ್ದುದು 245. ಲೆಕ್ಕ ಕಷ್ಟದ್ದೇನಲ್ಲ. ಐದು ಸಂಖ್ಯೆ ಕಂಡು ಅವುಗಳಲ್ಲಿ ದೊಡ್ಡದು 60 ಆಗಿದ್ದರೆ, 60ಕ್ಕೆ ಅದರ ಐದನೇ ಒಂದು ಭಾಗ ಕೂಡಿಸಿ ಒಂದು ಕಳೆದರೆ 71, ಅದೇ ಒಟ್ಟು ತಯಾರಿಕೆಯ ಅಂದಾಜು. ಪ್ರತಿಸ್ಪರ್ಧಿ ಕಂಪನಿಯೂ ಇದೇ ಲೆಕ್ಕ ಮಾಡಬಲ್ಲದು. ಆಪಲ್ ಕಂಪನಿಯ 12 ಅಕ್ಷರಗಳ ಹಳೆಯ ಸೀರಿಯಲ್ ನಂಬರಿನಲ್ಲಿ ಕಾರ್ಖಾನೆ, ಅರ್ಧವರ್ಷ, ವಾರ ಎಲ್ಲ ಅಡಗಿದ್ದವು. 2021ರಿಂದ ಹೊಸ ಉತ್ಪನ್ನಗಳಿಗೆ ಯಾವ ಅರ್ಥವೂ ಸಿಗದ, ಕ್ರಮವಿಲ್ಲದ ಸಂಖ್ಯೆ ಕೊಡುವ ಪದ್ಧತಿಗೆ ಅದು ಹೊರಳಿತು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಆ ಅಕ್ಷರಗಳಿಂದ ವಯಸ್ಸು ತಿಳಿಯುತ್ತಿದ್ದರು, ಆ ದಾರಿ ಮುಚ್ಚಿತು.

ವ್ಯಾಪಾರದ ಗುಟ್ಟು ಕಾಯ್ದುಕೊಳ್ಳಲಿ, ನನ್ನ ತಕರಾರಿಲ್ಲ. ಎಷ್ಟು ತಯಾರಾಯಿತು, ಯಾವ ಯಂತ್ರದಲ್ಲಿ ಎಂಬುದನ್ನು ಮುಚ್ಚಿಡುವುದು ಬೇರೆ, ಹುಟ್ಟಿದ ದಿನವನ್ನು ಮುಚ್ಚಿಡುವುದು ಬೇರೆ. ಟೈರು, ಹೆಲ್ಮೆಟ್, ಮಕ್ಕಳ ಕಾರ್ ಸೀಟು, ಹೊಗೆ ಪತ್ತೆ ಯಂತ್ರ ಇಂಥವು ವಯಸ್ಸಾದಂತೆ ಕಾಪಾಡುವ ಶಕ್ತಿ ಕಳೆದುಕೊಳ್ಳುತ್ತವೆ. ಇವುಗಳ ಮೇಲೆ ತಿಂಗಳು ಮತ್ತು ಇಸವಿ ಬರಿಗಣ್ಣಿಗೆ ಓದಲು ಸಿಗಬೇಕು. ಸಂಕೇತ ಏನಿದ್ದರೂ ಅದರ ಪಕ್ಕದಲ್ಲಿರಲಿ.

ಕೀಲಿ ಒಬ್ಬರ ಕೈಯಲ್ಲೇ ಉಳಿದರೆ ಸಂಖ್ಯೆಯನ್ನು ಕೊಂಡವರ ವಿರುದ್ಧವೂ ತಿರುಗಿಸಬಹುದು. ಇತ್ತೀಚಿನ ಕೆಲವು ಫೋನುಗಳಲ್ಲಿ ಪರದೆ, ಬ್ಯಾಟರಿ, ಕ್ಯಾಮೆರಾ ಪ್ರತಿಯೊಂದರ ಸೀರಿಯಲ್ ನಂಬರೂ ಮುಖ್ಯ ಬೋರ್ಡಿನಲ್ಲಿ ನೋಂದಣಿಯಾಗಿರುತ್ತದೆ. ಅದೇ ಕಂಪನಿಯ ಅಸಲಿ ಪರದೆಯನ್ನೇ ಇನ್ನೊಂದು ಫೋನಿನಿಂದ ತೆಗೆದು ಹಾಕಿದರೂ ಸಂಖ್ಯೆ ಹೊಂದದೆ ಎಚ್ಚರಿಕೆ ಬರುತ್ತದೆ, ಇಲ್ಲವೇ ಯಾವುದೋ ಸೌಲಭ್ಯ ಕೆಲಸ ನಿಲ್ಲಿಸುತ್ತದೆ. ಕದ್ದ ಬಿಡಿಭಾಗಗಳ ಮಾರಾಟ ತಡೆಯಲು ಇದು ಬೇಕೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ರಿಪೇರಿ ಮಾಡಿ ಬದುಕುವವರ ಕೈಯನ್ನು ಅದು ಕಟ್ಟಿಹಾಕುತ್ತದೆ, ಸರಿಪಡಿಸಬಹುದಾದದ್ದನ್ನು ಕಸಕ್ಕೆ ತಳ್ಳುತ್ತದೆ. ಅಮೆರಿಕದ ಆರೆಗಾನ್ ರಾಜ್ಯ 2024ರ ಮಾರ್ಚ್‌ನಲ್ಲಿ ಸಹಿಯಾದ ಕಾನೂನಿನಲ್ಲಿ ರಿಪೇರಿ ತಡೆಯಲೆಂದು ಹೀಗೆ ಜೋಡಿ ಕಟ್ಟುವುದನ್ನು ನಿಷೇಧಿಸಿತು.

ಕೀಲಿಯನ್ನು ಹಂಚಿಕೊಂಡಾಗ ಆಗುವ ಲಾಭ ಔಷಧದಲ್ಲಿ ಕಾಣುತ್ತದೆ. ಪೆಟ್ಟಿಗೆಯ ಮೇಲೆ ಬರೀ ಸಂಖ್ಯೆ ಮುದ್ರಿಸಿದರೆ ನಕಲಿ ತಯಾರಿಸುವವರು ಆ ಸಂಖ್ಯೆಯನ್ನೂ ನಕಲು ಮಾಡುತ್ತಾರೆ. ಯುರೋಪಿನಲ್ಲಿ 2019ರ ಫೆಬ್ರುವರಿ 9ರಿಂದ ವೈದ್ಯರ ಚೀಟಿಯ ಮೇಲೆ ಕೊಡುವ ಬಹುತೇಕ ಔಷಧಗಳ ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಸಂಖ್ಯೆ ಕಡ್ಡಾಯವಾಯಿತು. ಔಷಧ ಕೊಡುವಾಗ ಅಂಗಡಿಯವರು ಚೌಕದ ಸಂಕೇತವನ್ನು ಸ್ಕ್ಯಾನ್ ಮಾಡುತ್ತಾರೆ, ಆ ಕ್ಷಣವೇ ಆ ಸಂಖ್ಯೆ ಸಾಮೂಹಿಕ ಕಡತದಲ್ಲಿ ರದ್ದಾಗುತ್ತದೆ. ಅದೇ ಸಂಖ್ಯೆ ಮತ್ತೊಮ್ಮೆ ಬಂದರೆ ಎಚ್ಚರಿಕೆ ಮೊಳಗುತ್ತದೆ. ಇಲ್ಲಿ ಬಲವಿರುವುದು ಹುಟ್ಟು ಸಾವು ಎರಡನ್ನೂ ಒಂದೇ ಕಡೆ ಬರೆದಿಡುವುದರಲ್ಲಿ.

ಸಾಮಾನ್ಯ ಅಂಗಡಿಗಳಿಗೂ ಇದು ಹರಡಲಿದೆ. 1974ರ ಜೂನ್ 26ರಂದು ಓಹಾಯೊದ ಟ್ರಾಯ್ ಎಂಬಲ್ಲಿ ಚೂಯಿಂಗ್ ಗಮ್ ಪೊಟ್ಟಣವೊಂದರ ಮೇಲೆ ಮೊದಲ ಬಾರಿಗೆ ಸ್ಕ್ಯಾನ್ ಆದ ಗೆರೆಗಳ ಬಾರ್‌ಕೋಡ್ ಐವತ್ತು ವರ್ಷವಾದರೂ ವಸ್ತುವಿನ ಜಾತಿಯನ್ನಷ್ಟೇ ಹೇಳುತ್ತದೆ. ಒಂದೇ ಬಗೆಯ ಎರಡು ಪೊಟ್ಟಣಗಳ ನಡುವೆ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. 2027ರ ಕೊನೆಯ ಹೊತ್ತಿಗೆ ಬ್ಯಾಚ್, ಮುಗಿಯುವ ದಿನಾಂಕ, ಸೀರಿಯಲ್ ನಂಬರ್ ಹಿಡಿಸಬಲ್ಲ ಚೌಕ ಸಂಕೇತಗಳನ್ನು ಎಲ್ಲ ಬಿಲ್ಲಿಂಗ್ ಕೌಂಟರುಗಳೂ ಓದುವಂತಾಗಬೇಕು ಎಂಬುದು ಬಾರ್‌ಕೋಡ್ ವ್ಯವಸ್ಥೆ ನಡೆಸುವ ಜಿಎಸ್1 ಸಂಸ್ಥೆಯ ಗುರಿ. ಹಿಂಪಡೆದ ಬ್ಯಾಚಿನ ಪೊಟ್ಟಣ ಬಂದರೆ ಬಿಲ್ ಹಾಕುವ ಯಂತ್ರವೇ ಅದನ್ನು ತಡೆಯಬಲ್ಲದು.

ಎಲ್ಲಕ್ಕಿಂತ ಮುಂದೆ ಹೋಗಿರುವುದು ಯುರೋಪಿನ ಬ್ಯಾಟರಿ ಕಾನೂನು. 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ವಿದ್ಯುತ್ ವಾಹನಗಳ ಬ್ಯಾಟರಿ, ಎರಡು ಕಿಲೋವ್ಯಾಟ್ ಅವರ್ ಮೀರಿದ ಕೈಗಾರಿಕಾ ಬ್ಯಾಟರಿ ಮುಂತಾದವುಗಳಿಗೆ ಪಾಸ್‌ಪೋರ್ಟ್, ಅಂದರೆ ಒಂದೊಂದು ಬ್ಯಾಟರಿಯ ವಿವರ ಹೇಳುವ ಡಿಜಿಟಲ್ ಕಡತ, ಇರಬೇಕು. ಬ್ಯಾಟರಿಯ ಮೇಲಿನ ಕ್ಯೂಆರ್ ಕೋಡ್ ಹಿಡಿದರೆ ಅದು ಎಲ್ಲಿ ಯಾವಾಗ ತಯಾರಾಯಿತು, ಒಳಗೆ ಏನೇನಿದೆ ಎಂಬುದು ಯಾರಿಗಾದರೂ ಸಿಗಬೇಕು. ಬಿಚ್ಚುವ ವಿಧಾನದಂಥ ವಿವರ ರಿಪೇರಿಯವರಿಗೆ ಮತ್ತು ಮರುಬಳಕೆಯವರಿಗೆ. ಪರೀಕ್ಷಾ ವರದಿಗಳು ಅಧಿಕಾರಿಗಳಿಗೆ. ಕೀಲಿಯನ್ನು ಹೀಗೆ ಪದರ ಪದರವಾಗಿ ಹಂಚುವುದನ್ನೇ ಕಾನೂನಿನಲ್ಲಿ ಬರೆದಿದ್ದಾರೆ. ಬ್ಯಾಟರಿಯನ್ನು ತೆಗೆದು ಬೇರೆ ಕೆಲಸಕ್ಕೆ ಸಜ್ಜುಗೊಳಿಸಿದರೆ ಹಳೆಯದಕ್ಕೆ ಕೊಂಡಿಯಿರುವ ಹೊಸ ಪಾಸ್‌ಪೋರ್ಟ್ ಮಾಡಿಸಬೇಕು. ಕೊನೆಗೆ ಬ್ಯಾಟರಿಯನ್ನು ಕರಗಿಸಿ ಮರುಬಳಕೆ ಮಾಡಿದಾಗ ಪಾಸ್‌ಪೋರ್ಟೂ ಅದರೊಂದಿಗೆ ಇಲ್ಲವಾಗುತ್ತದೆ.